ಪಾತ್ರದ ಬಾಯಲ್ಲಿ ಪರಭಾಷೆ: ಕನ್ನಡ ಮಾತೃಭಾಷಿಕರಿಗೆ ಜರ್ಮನ್ ಮಾತುಗಾರಿಕೆಯ ಬೋಧನೆ ಮತ್ತು ರಂಗಾಭಿನಯ

ಸಾರಲೇಖ: ವಿದೇಶಿ ಭಾಷೆಯ ಮಾತುಗಾರಿಕೆಯನ್ನು ಕಲಿಸುವಲ್ಲಿ ನಾಟಕ ಮತ್ತು ಅಭಿನಯದ ಬಳಕೆಯನ್ನು ಸಾಮಾನ್ಯವಾಗಿ ಸಂಕೋಚ ನಿವಾರಣೆಯ ಉಪಾಯವೆಂದು ಸಮರ್ಥಿಸಲಾಗುತ್ತದೆ. ಈ ಸಮರ್ಥನೆ ಅಪೂರ್ಣವೆಂಬುದು ನಮ್ಮ ವಾದ. ಮಾತಿನ ಉತ್ಪಾದನೆಯ ಬೇರೆ ಬೇರೆ ಹಂತಗಳಿಗೆ ಅಭಿನಯದ ಬೇರೆ ಬೇರೆ ಬಗೆಗಳು ನೆರವಾಗುತ್ತವೆ ಎಂಬುದನ್ನು ಮೊದಲು ವಿವರಿಸಿ, ಬಳಿಕ ಜರ್ಮನ್ ಕಲಿಯುವ ಕನ್ನಡ ಮಾತೃಭಾಷಿಕರ ನಿದರ್ಶನದ ಮೂಲಕ ಒತ್ತು, ನಿಪಾತ ಮತ್ತು ಸಂಬೋಧನೆಗಳೆಂಬ ಮೂರು ನೆಲೆಗಳಲ್ಲಿ ಆ ವಾದವನ್ನು ಪರಿಶೀಲಿಸುತ್ತೇವೆ.

ಕೀಲಿಪದಗಳು: ಮಾತುಗಾರಿಕೆ, ರಂಗಾಭಿನಯ, ಅವಧಾರಣೆ, ಭಾವಸೂಚಕ ನಿಪಾತ, ಸಂಬೋಧನೆ, ತಾಳಮದ್ದಳೆ

೧. ಪೀಠಿಕೆ

ವ್ಯಾಕರಣದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರು ಆ ಭಾಷೆಯಲ್ಲಿ ಎರಡು ಮಾತನಾಡಲು ತಡವರಿಸುವುದು ಭಾಷಾಬೋಧಕರೆಲ್ಲರೂ ಕಂಡ ಸಂಗತಿ. ಕರ್ನಾಟಕದಿಂದ ಜರ್ಮನಿಗೆ ಓದಲು ಹೋಗುವ ವಿದ್ಯಾರ್ಥಿಗಳ ಮತ್ತು ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯಲು ಹೋಗುವ ದಾದಿಯರ ಪಾಲಿಗೆ ಈ ತಡವರಿಕೆ ಕೇವಲ ಮುಜುಗರದ ವಿಷಯವಾಗಿ ಉಳಿಯುವುದಿಲ್ಲ. ನೋವಿದೆಯೇ ಎಂದು ಕೇಳಿದಾಗ ವೃದ್ಧ ರೋಗಿಯೊಬ್ಬರು 'ಗೇಟ್ ಶೋನ್' ಎಂದರೆ, ಅದರ ಪದಶಃ ಅರ್ಥ 'ನಡೆಯುತ್ತದೆ' ಎಂದಷ್ಟೆ. ಆದರೆ ಅದು ನಿಜವಾಗಿ ನೋವು ಕಡಿಮೆಯಾಗಿದೆ ಎಂಬುದನ್ನು ಸೂಚಿಸುತ್ತಿದೆಯೋ, ನೋವಿದ್ದರೂ ಯಾರಿಗೂ ತೊಂದರೆ ಕೊಡಬಾರದೆಂಬ ದಾಕ್ಷಿಣ್ಯವನ್ನು ಸೂಚಿಸುತ್ತಿದೆಯೋ ಎಂಬುದು ಧಾಟಿಯಿಂದ, ಮುಖಭಾವದಿಂದ, ಹಿಂದಿನ ಮಾತಿನ ಸಂದರ್ಭದಿಂದ ತಿಳಿಯಬೇಕು. ಪಠ್ಯಪುಸ್ತಕದ ಸಂಭಾಷಣೆಯನ್ನು ಓದಿ ಬಲ್ಲವರಿಗೆ ಈ ತಿಳಿವು ತಾನಾಗಿ ದೊರೆಯುವುದಿಲ್ಲ.

ಭಾಷೆಯನ್ನು ಅಭಿನಯದ ಮೂಲಕ ಕಲಿಸುವ ಆಲೋಚನೆ ಹೊಸದೇನಲ್ಲ. ೧೬೫೦ರ ದಶಕದಲ್ಲಿ ಹಂಗೆರಿಯ ಶಾರೋಶ್‌ಪಟಾಕ್‌ನ ಶಾಲೆಯಲ್ಲಿದ್ದ ಕೊಮೇನಿಯಸ್ ತನ್ನ ಲ್ಯಾಟಿನ್ ಪಠ್ಯವನ್ನೇ ನಾಟಕಗಳನ್ನಾಗಿ ಮಾರ್ಪಡಿಸಿ ವಿದ್ಯಾರ್ಥಿಗಳಿಂದ ಆಡಿಸಿದ. 'ಸ್ಕೋಲಾ ಲೂಡುಸ್' ಎಂಬ ಹೆಸರಿನ ಕೃತಿ ಅದರ ಫಲ. ಆಧುನಿಕ ಕಾಲದಲ್ಲಿ ಅಲನ್ ಮೇಲಿ ಮತ್ತು ಅಲನ್ ಡಫ್ ೧೯೭೮ರಲ್ಲಿ ಪ್ರಕಟಿಸಿದ ಕೈಪಿಡಿ ಇಂಗ್ಲಿಷ್ ಬೋಧಕರ ನಡುವೆ ಈ ಕ್ರಮವನ್ನು ಪ್ರಚುರಪಡಿಸಿತು. ಜರ್ಮನ್ ಬೋಧನೆಯಲ್ಲಿ ಮಾನ್‌ಫ್ರೆಡ್ ಶೇವೆಯವರ ೧೯೯೩ರ ಅಧ್ಯಯನವೂ, ೨೦೦೭ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಆರಂಭವಾದ 'ಸಿನಾರಿಯೊ' ಪತ್ರಿಕೆಯೂ ಇದಕ್ಕೆ ಶಾಸ್ತ್ರೀಯ ಚರ್ಚೆಯ ನೆಲೆಯೊದಗಿಸಿದವು. ಇಷ್ಟಿದ್ದರೂ ಅಭಿನಯವು ಮಾತಿಗೆ ಏಕೆ ನೆರವಾಗುತ್ತದೆ ಎಂಬ ಪ್ರಶ್ನೆಗೆ 'ಸಂಕೋಚ ಬಿಡಿಸುತ್ತದೆ' ಎಂಬ ಉತ್ತರವೇ ಹೆಚ್ಚಾಗಿ ಕೇಳಿಬರುತ್ತದೆ. ಸಂಕೋಚ ಬಿಡಿಸುವ ಕೆಲಸವನ್ನು ಆಟವೂ ಹಾಡೂ ಮಾಡಬಲ್ಲವು. ಅಭಿನಯಕ್ಕೇ ವಿಶಿಷ್ಟವಾದ ಭಾಷಿಕ ಪ್ರಯೋಜನವೇನು ಎಂಬುದು ಪ್ರಸ್ತುತ ಲೇಖನದ ವಿಚಾರ.

೨. ಮಾತು ಹುಟ್ಟುವ ಬಗೆ ಮತ್ತು ತರಗತಿಯ ಮಾತು

ವಿಲ್ಲೆಮ್ ಲೆವೆಲ್ಟ್ ೧೯೮೯ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಮಾತಿನ ಉತ್ಪಾದನೆಯಲ್ಲಿ ಮೂರು ಹಂತಗಳಿವೆ. ಏನು ಹೇಳಬೇಕೆಂದು ನಿರ್ಧರಿಸುವ ಆಶಯರೂಪಣೆ, ಆ ಆಶಯಕ್ಕೆ ಪದ ಹಾಗೂ ವಾಕ್ಯಗಳನ್ನು ಒದಗಿಸುವ ಭಾಷಾರೂಪಣೆ, ಅವನ್ನು ಧ್ವನಿಯಾಗಿಸುವ ಉಚ್ಚಾರಣೆ ಎಂದು ಅವುಗಳನ್ನು ಕರೆಯಬಹುದು. ಮಾತೃಭಾಷೆಯಲ್ಲಿ ಕೊನೆಯ ಎರಡು ಹಂತಗಳು ಬಹುಮಟ್ಟಿಗೆ ತಾವಾಗಿಯೇ ನಡೆಯುತ್ತವೆ. ನಮ್ಮ ಗಮನವೆಲ್ಲ ಆಶಯದ ಮೇಲಿರುತ್ತದೆ. ಪರಭಾಷೆಯಲ್ಲಿ ಮೂರೂ ಹಂತಗಳು ಏಕಕಾಲದಲ್ಲಿ ಗಮನವನ್ನು ಬೇಡುತ್ತವೆ.

ಇದರೊಂದಿಗೆ ಕಾಲದ ಒತ್ತಡವೂ ಸೇರುತ್ತದೆ. ತಾನ್ಯಾ ಸ್ಟಿವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರ ಪ್ರಶ್ನೆಗೂ ಮತ್ತೊಬ್ಬರ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು ೨೦೦ ಮಿಲಿಸೆಕೆಂಡುಗಳೆಂದು ಕಂಡುಬಂತು. ಆದರೆ ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ಹೇಳಲು ತೊಡಗುವುದಕ್ಕೇ ಸುಮಾರು ೬೦೦ ಮಿಲಿಸೆಕೆಂಡುಗಳು ಬೇಕೆಂಬುದು ಮನೋಭಾಷಾವಿಜ್ಞಾನದ ತಿಳಿವಳಿಕೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಎದುರಿನವರ ಮಾತು ಮುಗಿಯುವ ಮೊದಲೇ ನಾವು ನಮ್ಮ ಮಾತನ್ನು ಕಟ್ಟಲು ತೊಡಗಿರುತ್ತೇವೆ. ಕೇಳುತ್ತಲೇ ಸಿದ್ಧವಾಗುವ ಈ ಸಾಮರ್ಥ್ಯವಿಲ್ಲದವರು ಎಷ್ಟೇ ವ್ಯಾಕರಣ ಬಲ್ಲವರಾದರೂ ಸಂಭಾಷಣೆಯಲ್ಲಿ ತಮ್ಮ ಸರದಿಯನ್ನು ಕಳೆದುಕೊಳ್ಳುತ್ತಾರೆ.

ಸಾಮಾನ್ಯ ತರಗತಿಯಲ್ಲಿ ಈ ಸಾಮರ್ಥ್ಯಕ್ಕೆ ಅಭ್ಯಾಸ ದೊರೆಯುವುದು ವಿರಳ. ತರಗತಿಯ ಮಾತಿನ ರಚನೆಯನ್ನು ಸಿಂಕ್ಲೇರ್ ಮತ್ತು ಕೂಲ್ಟ್‌ಹಾರ್ಡ್ ೧೯೭೫ರಲ್ಲಿ ವಿಶ್ಲೇಷಿಸಿ ತೋರಿಸಿದಂತೆ, ಅಲ್ಲಿ ಅಧ್ಯಾಪಕರು ಪ್ರಶ್ನಿಸುತ್ತಾರೆ, ವಿದ್ಯಾರ್ಥಿ ಉತ್ತರಿಸುತ್ತಾನೆ, ಅಧ್ಯಾಪಕರು ಆ ಉತ್ತರವನ್ನು ಸರಿ ಅಥವಾ ತಪ್ಪು ಎನ್ನುತ್ತಾರೆ. ಮೂರು ಸರದಿಗಳಲ್ಲಿ ಎರಡು ಅಧ್ಯಾಪಕರ ಪಾಲಿಗೆ ಹೋಗುತ್ತವೆ. ವಿದ್ಯಾರ್ಥಿ ತಾನಾಗಿ ಪ್ರಶ್ನಿಸುವ, ಒಪ್ಪದಿರುವ, ವಿಷಯ ಬದಲಿಸುವ, ಬೇಡಿಕೊಳ್ಳುವ, ಸಮಾಧಾನ ಹೇಳುವ ಸಂದರ್ಭಗಳು ಈ ರಚನೆಯಲ್ಲಿ ಬರುವುದೇ ಇಲ್ಲ. ಕೆನಡಾದ ಫ್ರೆಂಚ್ ಮಾಧ್ಯಮ ಶಾಲೆಗಳ ಇಂಗ್ಲಿಷ್ ಭಾಷಿಕ ಮಕ್ಕಳನ್ನು ಅಭ್ಯಸಿಸಿದ ಮೆರಿಲ್ ಸ್ವೇನ್, ವರ್ಷಗಟ್ಟಲೆ ಕೇಳಿ ಅರ್ಥಮಾಡಿಕೊಂಡ ಮಕ್ಕಳ ಮಾತಿನಲ್ಲಿಯೂ ವ್ಯಾಕರಣದ ಕೊರತೆಗಳು ಉಳಿದಿದ್ದುದನ್ನು ಕಂಡು, ಗ್ರಹಿಕೆಯಷ್ಟೇ ಸಾಲದು, ಮಾತನ್ನು ಕಟ್ಟುವ ಒತ್ತಾಯವೂ ಬೇಕು ಎಂದು ೧೯೮೫ರಲ್ಲಿ ವಾದಿಸಿದರು. ಪಾತ್ರವಹಿಸುವಿಕೆ ಮೂರು ಸರದಿಗಳ ಆ ಕಟ್ಟನ್ನು ಮುರಿದು, ಈ ಒತ್ತಾಯವನ್ನು ಸಹಜವಾಗಿ ಉಂಟುಮಾಡುತ್ತದೆ.

೩. ಅಭಿನಯದ ಮೂರು ಬಗೆಗಳು

ತರಗತಿಯಲ್ಲಿ ಬಳಕೆಯಾಗುವ ಅಭಿನಯವನ್ನು ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ಲೆವೆಲ್ಟ್ ಮಾದರಿಯನ್ನು ಒರೆಗಲ್ಲಾಗಿ ಇರಿಸಿಕೊಂಡು ನಾವು ಮೂರು ಬಗೆಗಳನ್ನು ಗುರುತಿಸುತ್ತೇವೆ.

ಮೊದಲನೆಯದು ಲಿಖಿತ ನಾಟಕದ ಪ್ರಯೋಗ. ಇಲ್ಲಿ ಆಶಯ ಮತ್ತು ವಾಕ್ಯ ಎರಡನ್ನೂ ನಾಟಕಕಾರ ಒದಗಿಸಿರುತ್ತಾನೆ. ಆದ್ದರಿಂದ ಕಲಿಯುವವರ ಗಮನವೆಲ್ಲ ಉಚ್ಚಾರಣೆ, ಲಯ, ಧಾಟಿ, ವಿರಾಮಗಳ ಮೇಲೆ ನಿಲ್ಲಬಹುದು. ಅದೇ ಮಾತನ್ನು ಇಪ್ಪತ್ತು ಬಾರಿ ಬೇಸರವಿಲ್ಲದೆ ಆಡಲು ರಂಗತಾಲೀಮು ಕಾರಣವೊದಗಿಸುತ್ತದೆ. ಪ್ರತಿ ಬಾರಿಯೂ ಪಾತ್ರದ ಉದ್ದೇಶವನ್ನು ಇನ್ನಷ್ಟು ಸ್ಪಷ್ಟಗೊಳಿಸುವುದು ಆ ಪುನರಾವರ್ತನೆಯ ಗುರಿಯಾಗಿರುತ್ತದೆ.

ಎರಡನೆಯದು ಸನ್ನಿವೇಶಾಭಿನಯ. ರಾಬರ್ಟ್ ಡಿ ಪಿಯೆತ್ರೊ ೧೯೮೭ರಲ್ಲಿ ವಿವರಿಸಿದ ಈ ಕ್ರಮದಲ್ಲಿ ಇಬ್ಬರಿಗೂ ಬೇರೆ ಬೇರೆ ಚೀಟಿಗಳು ದೊರೆಯುತ್ತವೆ; ಒಬ್ಬರ ಗುಟ್ಟು ಮತ್ತೊಬ್ಬರಿಗೆ ತಿಳಿಯದು. ಉದಾಹರಣೆಗೆ, ಒಂದು ಚೀಟಿಯಲ್ಲಿ 'ರಾತ್ರಿ ಹನ್ನೊಂದಕ್ಕೆ ಊರಿನಿಂದ ಗೆಳೆಯರು ಬರುತ್ತಾರೆ, ಅವರಿಗೆ ಅಡುಗೆ ಮಾಡಬೇಕು' ಎಂದಿರುತ್ತದೆ. ಇನ್ನೊಂದರಲ್ಲಿ 'ಪಕ್ಕದ ಮನೆಯವರ ಅಡುಗೆಮನೆಯ ಸದ್ದಿನಿಂದ ನಿದ್ದೆಯಿಲ್ಲ, ನಾಳೆ ಬೆಳಗಿನ ಪಾಳಿಯಿದೆ' ಎಂದಿರುತ್ತದೆ. ಗುಂಪುಗಳಲ್ಲಿ ಸಿದ್ಧತೆ, ಅಭಿನಯ, ಅನಂತರ ವಿಮರ್ಶೆ ಎಂಬ ಮೂರು ಘಟ್ಟಗಳಲ್ಲಿ ಇದು ಸಾಗುತ್ತದೆ. ಇಲ್ಲಿ ಆಶಯ ಸ್ಥೂಲವಾಗಿ ನಿಗದಿಯಾಗಿದ್ದರೂ ವಾಕ್ಯವನ್ನು ಕಲಿಯುವವರೇ ಎದುರಿನವರ ಮಾತಿಗೆ ತಕ್ಕಂತೆ ಕಟ್ಟಬೇಕು. ಹೀಗಾಗಿ ಭಾಷಾರೂಪಣೆಯ ಹಂತಕ್ಕೆ ಇದು ಹೆಚ್ಚು ಒತ್ತಡ ತರುತ್ತದೆ.

ಮೂರನೆಯದು ಪ್ರಕ್ರಿಯಾ ನಾಟಕ. ಡೊರೊತಿ ಹೀತ್‌ಕೋಟ್ ಅವರ ಶಿಕ್ಷಣ ರಂಗಭೂಮಿಯಲ್ಲಿ ಬೇರೂರಿದ ಈ ಕ್ರಮವನ್ನು ಭಾಷಾಕಲಿಕೆಗೆ ಅನ್ವಯಿಸಿ ಶಿನ್-ಮೇ ಕಾವೊ ಮತ್ತು ಸಿಸಿಲಿ ಓನೀಲ್ ೧೯೯೮ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಇದಕ್ಕೆ ಪ್ರೇಕ್ಷಕರಿಲ್ಲ, ಲಿಖಿತ ಪಠ್ಯವಿಲ್ಲ. ಅಧ್ಯಾಪಕರೂ ಒಂದು ಪಾತ್ರ ವಹಿಸಿ ಕಥೆಯ ಒಳಗೇ ಇರುತ್ತಾರೆ. ಪೀಠಿಕೆಯಲ್ಲಿ ಹೇಳಿದ ವೃದ್ಧ ರೋಗಿಯ ಪಾತ್ರವನ್ನು ಅಧ್ಯಾಪಕರೇ ವಹಿಸಿ, ಕಲಿಯುವವರು ದಾದಿಯರಾಗಿ ಅವರನ್ನು ವಿಚಾರಿಸಿ, ಪಾಳಿ ಬದಲಾಗುವಾಗ ಮುಂದಿನ ತಂಡಕ್ಕೆ ವರದಿ ಒಪ್ಪಿಸಬೇಕೆಂದಿಟ್ಟುಕೊಳ್ಳೋಣ. ಏನು ಕೇಳಬೇಕು, ಎಷ್ಟು ಕೆದಕಬೇಕು, ಯಾವುದನ್ನು ವರದಿ ಮಾಡಬೇಕು ಎಂಬುದೆಲ್ಲ ಅವರ ನಿರ್ಧಾರ. ಆಶಯರೂಪಣೆಯಿಂದ ಉಚ್ಚಾರಣೆಯವರೆಗಿನ ಇಡೀ ಹೊರೆ ಇಲ್ಲಿ ಕಲಿಯುವವರ ಮೇಲಿದೆ.

ಈ ವಿಂಗಡಣೆಯಿಂದ ಬೋಧನೆಯ ಕ್ರಮವೂ ಸೂಚಿತವಾಗುತ್ತದೆ. ಲಿಖಿತ ನಾಟಕದಿಂದ ಆರಂಭಿಸಿ ಹೊರೆಯನ್ನು ಒಂದೊಂದೇ ಹಂತವಾಗಿ ಕಲಿಯುವವರಿಗೆ ವರ್ಗಾಯಿಸುವುದು ಸೂಕ್ತ. ಮೊದಲ ಬಗೆಯಲ್ಲಿಯೇ ನಿಂತುಬಿಟ್ಟ ತರಗತಿಗಳಲ್ಲಿ ವಾರ್ಷಿಕೋತ್ಸವದ ನಾಟಕ ಸೊಗಸಾಗಿ ನಡೆದೀತು. ಆದರೆ ಬಾಯಿಪಾಠದ ಮಾತು ಸ್ವಂತ ಮಾತಾಗುವ ದಾರಿ ಅರ್ಧದಲ್ಲೇ ನಿಲ್ಲುತ್ತದೆ.

೪. ಕನ್ನಡದಿಂದ ಜರ್ಮನಿಗೆ: ಮೂರು ನೆಲೆಗಳು

೪.೧ ಒತ್ತು ಮತ್ತು ಅವಧಾರಣೆ

ಸ್ವರಗಳ ಹ್ರಸ್ವ-ದೀರ್ಘ ಭೇದ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿರುವುದರಿಂದ ಜರ್ಮನಿನ 'ಶ್ಟಾಟ್' (ರಾಜ್ಯ) ಮತ್ತು 'ಶ್ಟಟ್' (ನಗರ) ಪದಗಳ ವ್ಯತ್ಯಾಸ ಅವರಿಗೆ ತೊಡಕಾಗುವುದಿಲ್ಲ. ತೊಡಕಿರುವುದು ಒತ್ತಿನಲ್ಲಿ. ಕನ್ನಡದಲ್ಲಿ ಪದದ ಯಾವ ಅಕ್ಷರಕ್ಕೆ ಒತ್ತು ಕೊಟ್ಟರೂ ಪದದ ಅರ್ಥ ಬದಲಾಗದು. ಜರ್ಮನಿನಲ್ಲಿ 'ಉಮ್‌ಫಾರೆನ್' ಎಂಬ ಕ್ರಿಯಾಪದದ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ 'ವಾಹನದಿಂದ ಗುದ್ದಿ ಕೆಡಹು' ಎಂದೂ, ಎರಡನೆಯದಕ್ಕೆ ಬಿದ್ದರೆ 'ಬಳಸಿಕೊಂಡು ಹೋಗು' ಎಂದೂ ಅರ್ಥ. ರಸ್ತೆಯಲ್ಲಿ ನಿಂತವನ ಪಾಲಿಗೆ ಈ ಎರಡರ ಅಂತರ ಸಣ್ಣದಲ್ಲ.

ವಾಕ್ಯದ ಮಟ್ಟದಲ್ಲಿ ಈ ಭಿನ್ನತೆ ಇನ್ನೂ ಆಳವಾದದ್ದು. ವಾಕ್ಯದ ಯಾವ ಅಂಶ ಮುಖ್ಯ ಎಂಬುದನ್ನು ಕನ್ನಡ ರೂಪದಿಂದಲೇ ತೋರಿಸಬಲ್ಲದು. 'ನಿನ್ನೆಯೇ ಕೊಟ್ಟೆ' ಎಂಬಲ್ಲಿ ಅವಧಾರಣೆಯ 'ಏ' ಪ್ರತ್ಯಯವೂ, 'ನಾನು ಪುಸ್ತಕ ಕೊಟ್ಟದ್ದು ನಿನಗೆ' ಎಂಬಲ್ಲಿ ವಾಕ್ಯದ ಮರುಜೋಡಣೆಯೂ, 'ನಿನ್ನೆಯಾ ಕೊಟ್ಟದ್ದು?' ಎಂಬಲ್ಲಿ ಪ್ರಶ್ನಾರ್ಥಕ ಪ್ರತ್ಯಯದ ಸ್ಥಾನವೂ ಆ ಕೆಲಸ ಮಾಡುತ್ತವೆ. ಜರ್ಮನ್ ಇದೇ ಕೆಲಸವನ್ನು ಹೆಚ್ಚಾಗಿ ಧ್ವನಿಯ ಏರಿಕೆ ಮತ್ತು ಒತ್ತಿಗೆ ಬಿಡುತ್ತದೆ. 'ಇಷ್ ಹಾಬೆ ದೀರ್ ಗೆಸ್ಟರ್ನ್ ದಸ್ ಬೂಖ್ ಗೆಗೇಬನ್' (ನಾನು ನಿನಗೆ ನಿನ್ನೆ ಆ ಪುಸ್ತಕ ಕೊಟ್ಟಿದ್ದೇನೆ) ಎಂಬ ಒಂದೇ ವಾಕ್ಯ, ಒತ್ತು ಬಿದ್ದ ಪದಕ್ಕೆ ಅನುಗುಣವಾಗಿ, ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗುತ್ತದೆ. ಬರಹದಲ್ಲಿ ಈ ಉತ್ತರಗಳೆಲ್ಲವೂ ಒಂದೇ. ಆದ್ದರಿಂದ ಬರಹದ ಮೂಲಕ ಇದನ್ನು ಕಲಿಸಲಾಗದು.

ಅಭಿನಯದಲ್ಲಿ ಪ್ರತಿಯೊಂದು ಮಾತಿಗೂ ಒಬ್ಬ ಎದುರಾಳಿ ಇರುತ್ತಾನೆ, ಪ್ರತಿಯೊಂದು ಉತ್ತರದ ಹಿಂದೆಯೂ ಒಂದು ಪ್ರಶ್ನೆ ಇರುತ್ತದೆ. 'ನೀನು ನನಗೆ ಕೊಡಲೇ ಇಲ್ಲ, ಅವಳಿಗೆ ಕೊಟ್ಟೆ' ಎಂದು ಎದುರಿನ ಪಾತ್ರ ಸಿಡುಕಿದಾಗ 'ದೀರ್' ಎಂಬ ಪದಕ್ಕೆ ಒತ್ತು ತಾನಾಗಿ ಬೀಳುತ್ತದೆ; ನಿಯಮವನ್ನು ನೆನೆಯುವ ಅಗತ್ಯವಿರುವುದಿಲ್ಲ. ಧಾಟಿಯಿಂದ ಅರ್ಥ ಬದಲಾಗುವ ಈ ಸಂಗತಿ ನಮ್ಮ ಪರಂಪರೆಗೆ ಅಪರಿಚಿತವಲ್ಲ. ನಾಟ್ಯಶಾಸ್ತ್ರವು ವಾಚಿಕಾಭಿನಯದ ಭಾಗವಾಗಿ ಕಾಕುವನ್ನು ವಿವೇಚಿಸುತ್ತ, ಅರ್ಥ ಪೂರ್ಣವಾಗಲು ಮತ್ತೇನನ್ನೋ ಬಯಸುವ ಸಾಕಾಂಕ್ಷ ಕಾಕು ಮತ್ತು ತನ್ನಲ್ಲೇ ಮುಗಿಯುವ ನಿರಾಕಾಂಕ್ಷ ಕಾಕು ಎಂದು ಎರಡು ಬಗೆ ಮಾಡುತ್ತದೆ. 'ಗೇಟ್ ಶೋನ್' ಎಂಬ ರೋಗಿಯ ಮಾತಿನಲ್ಲಿ ದಾದಿ ಗುರುತಿಸಬೇಕಾದದ್ದು ಇದೇ ಭೇದವನ್ನು.

೪.೨ ಭಾವಸೂಚಕ ನಿಪಾತಗಳು

ಜರ್ಮನ್ ಆಡುಮಾತಿನಲ್ಲಿ 'ದೊಖ್', 'ಮಾಲ್', 'ಯಾ', 'ದೆನ್', 'ಶೋನ್' ಮೊದಲಾದ ಸಣ್ಣ ಪದಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ವಾಕ್ಯದ ವಾಚ್ಯಾರ್ಥಕ್ಕೆ ಅವು ಏನನ್ನೂ ಸೇರಿಸುವುದಿಲ್ಲವಾದ್ದರಿಂದ ಬಹುಕಾಲ ಅವನ್ನು ಅನಗತ್ಯ ತುಂಬುಪದಗಳೆಂದು ಕಡೆಗಣಿಸಲಾಗಿತ್ತು. ಹರಾಲ್ಡ್ ವೈಟ್ ಅವರ ೧೯೬೯ರ ಅಧ್ಯಯನದ ಬಳಿಕ ಇವು ಭಾಷಾವಿಜ್ಞಾನದ ಗಂಭೀರ ವಿಷಯವಾದವು. ಮಾತನಾಡುವವರ ನಿಲುವನ್ನೂ ಕೇಳುಗರಿಗೆ ಏನು ತಿಳಿದಿದೆ ಎಂಬ ಊಹೆಯನ್ನೂ ಸೂಚಿಸುವುದು ಅವುಗಳ ಕೆಲಸ.

ಇಂಗ್ಲಿಷಿನ ಮೂಲಕ ಜರ್ಮನ್ ಕಲಿಯುವ ಕನ್ನಡಿಗರಿಗೆ ಈ ಪದಗಳು ಒಗಟಾಗಿ ಕಾಣುತ್ತವೆ, ಏಕೆಂದರೆ ಇಂಗ್ಲಿಷಿನಲ್ಲಿ ಇವಕ್ಕೆ ಸರಿಸಮವಾದ ಪದಗಳು ಕಡಿಮೆ. ಕನ್ನಡದ ಮೂಲಕ ನೋಡಿದರೆ ಒಗಟು ಬಹುಪಾಲು ಬಿಡುತ್ತದೆ. 'ಕೊಮ್ ಹೇರ್' ಎಂದರೆ 'ಇಲ್ಲಿ ಬಾ' ಎಂಬ ಬರಿಯ ಅಪ್ಪಣೆ. 'ಕೊಮ್ ಮಾಲ್ ಹೇರ್' ಎಂಬುದು 'ಸ್ವಲ್ಪ ಇಲ್ಲಿ ಬಾ' ಎಂಬಂತೆ ಅಪ್ಪಣೆಯನ್ನು ಮೆದುಗೊಳಿಸುತ್ತದೆ. ಬರುವುದರಲ್ಲಿ ಸ್ವಲ್ಪ-ಹೆಚ್ಚು ಎಂಬುದಿಲ್ಲವೆಂಬುದನ್ನು ಗಮನಿಸಿದರೆ ಕನ್ನಡದ 'ಸ್ವಲ್ಪ'ವೂ ಇಲ್ಲಿ ನಿಪಾತವೇ ಆಗಿದೆಯೆಂದು ತಿಳಿಯುತ್ತದೆ. 'ಕೊಮ್ ದೊಖ್ ಹೇರ್' ಎಂಬುದು ಹಿಂಜರಿಯುವವರನ್ನು 'ಬಾ ಮಾರಾಯ' ಎಂದು ಒತ್ತಾಯಿಸಿದಂತೆ. 'ದೂ ವೈಸ್ಟ್ ದೊಖ್' ಎಂಬುದಕ್ಕೆ 'ನಿನಗೆ ಗೊತ್ತಲ್ಲ' ಎಂಬುದಕ್ಕಿಂತ ಹತ್ತಿರದ ಅನುವಾದ ಸಿಗುವುದು ಕಷ್ಟ.

ಆದರೆ ಸಮಾನಪದಗಳ ಪಟ್ಟಿಯಿಂದ ಬಳಕೆ ಬಾರದು. ಯಾವ ಸಂಬಂಧದಲ್ಲಿ, ಎಷ್ಟನೆಯ ಸಲ ಕರೆದಾಗ 'ಮಾಲ್' ಹೋಗಿ 'ದೊಖ್' ಬರುತ್ತದೆ ಎಂಬುದು ಸನ್ನಿವೇಶದ ಏರಿಳಿತಕ್ಕೆ ಸೇರಿದ್ದು. ಇಬ್ಬರು ಕಲಿಯುವವರು, ಒಬ್ಬರು ಕರೆಯುತ್ತ ಮತ್ತೊಬ್ಬರು ಬರಲು ಒಲ್ಲೆನೆನ್ನುತ್ತ, ಈ ಮೂರು ವಾಕ್ಯಗಳನ್ನಷ್ಟೇ ಬಳಸಿ ಒಂದು ನಿಮಿಷದ ದೃಶ್ಯವನ್ನು ಕಟ್ಟಲಿ. ಮೊದಲು ಅದೇ ದೃಶ್ಯವನ್ನು ಕನ್ನಡದಲ್ಲಿ ಆಡಿ, ಅನಂತರ ಜರ್ಮನಿನಲ್ಲಿ ಆಡಲಿ. ಮಾತೃಭಾಷೆಯಲ್ಲಿ ಅರಿವಿಲ್ಲದೆ ಮಾಡುತ್ತಿದ್ದುದು ಪರಭಾಷೆಯಲ್ಲಿ ಅರಿವಿನಿಂದ ಮಾಡುವಂತಾಗುತ್ತದೆ. ಮಾತೃಭಾಷೆಯನ್ನು ತರಗತಿಯಿಂದ ಹೊರಗಿಡಬೇಕೆಂಬ ವಾಡಿಕೆಯನ್ನು ಈ ಒಂದು ಘಟ್ಟದಲ್ಲಾದರೂ ಸಡಿಲಿಸಬೇಕೆಂದು ನಾವು ಸೂಚಿಸುತ್ತೇವೆ.

೪.೩ ಸಂಬೋಧನೆ ಮತ್ತು ಸೌಜನ್ಯ

ಜರ್ಮನಿನ 'ದೂ' ಮತ್ತು 'ಜೀ' ಸರ್ವನಾಮಗಳನ್ನು 'ನೀನು' ಮತ್ತು 'ನೀವು' ಎಂದು ಕಲಿಸುವುದು ರೂಢಿ. ಬ್ರೌನ್ ಮತ್ತು ಗಿಲ್ಮನ್ ೧೯೬೦ರಲ್ಲಿ ಹೇಳಿದ ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಅಕ್ಷಗಳ ದೃಷ್ಟಿಯಿಂದ ನೋಡಿದರೆ ಈ ಸಮೀಕರಣ ಎಡವುತ್ತದೆ. ಇಂದಿನ ಜರ್ಮನಿನಲ್ಲಿ ವಯಸ್ಕರ ನಡುವಣ ಬಳಕೆ ಬಹುಮಟ್ಟಿಗೆ ಪರಸ್ಪರ ಸಮಾನ: ಇಬ್ಬರೂ 'ದೂ' ಎನ್ನುತ್ತಾರೆ ಅಥವಾ ಇಬ್ಬರೂ 'ಜೀ' ಎನ್ನುತ್ತಾರೆ. ಕನ್ನಡದಲ್ಲಿ ಹಿರಿಯರು 'ನೀನು' ಎನ್ನುವುದು, ಕಿರಿಯರು 'ನೀವು' ಎನ್ನುವುದು ಸಹಜ. ಅಮ್ಮನಿಗೆ 'ನೀನು' ಎಂದು ಅಪ್ಪನಿಗೆ 'ನೀವು' ಎನ್ನುವ ಮನೆಗಳೂ ಇವೆ. ಅದರ ಮೇಲೆ ಅಪರಿಚಿತರನ್ನೂ ಅಣ್ಣ, ಅಕ್ಕ, ಅಜ್ಜ ಎಂದು ಕರೆದು ಮಾತನ್ನು ಆರಂಭಿಸುವ ಅನುಕೂಲ ನಮಗುಂಟು. ಆ ಅನುಕೂಲವಿಲ್ಲದ ಭಾಷೆಯಲ್ಲಿ ಕನ್ನಡಿಗರು ಬಾಯಿ ತೆರೆಯುವ ಮೊದಲೇ ತೊಡಕಿಗೆ ಸಿಲುಕುತ್ತಾರೆ. 'ಜೀ'ಯಿಂದ 'ದೂ'ಗೆ ಹೊರಳುವುದೂ ಜರ್ಮನಿನಲ್ಲಿ ಒಂದು ವಾಕ್‌ಕ್ರಿಯೆಯೇ ಆಗಿದ್ದು, ಸಾಂಪ್ರದಾಯಿಕವಾಗಿ ಹಿರಿಯರು ಅದನ್ನು ಮುಂದಿಡಬೇಕು. ಈ ಹೊರಳುವಿಕೆಯನ್ನು ವಿವರಿಸಿ ಹೇಳುವುದಕ್ಕಿಂತ ಒಂದು ದೃಶ್ಯವಾಗಿ ಆಡಿಸಿದಾಗ, ಯಾರು ಮೊದಲು ಹೇಳಬೇಕೆಂಬ ಕ್ಷಣಕಾಲದ ಅನಿಶ್ಚಿತತೆಯೂ ಅನುಭವಕ್ಕೆ ಬರುತ್ತದೆ.

ಉಪಚಾರದ ಮಾತುಗಳಲ್ಲಿಯೂ ಇಂಥದೇ ತೊಡಕಿದೆ. ಇನ್ನಷ್ಟು ಬೇಕೇ ಎಂದು ಕೇಳಿದಾಗ ಜರ್ಮನಿನಲ್ಲಿ ಬರಿದೆ 'ದಂಕೆ' (ವಂದನೆ) ಎಂದರೆ ಸಾಮಾನ್ಯವಾಗಿ 'ಬೇಡ' ಎಂದು ಅರ್ಥ. ಬೇಕಿದ್ದರೆ 'ಯಾ, ಬಿಟ್ಟೆ' ಎನ್ನಬೇಕು. ನಮ್ಮಲ್ಲಿ ಮೊದಲ ಸಲ ಬೇಡವೆನ್ನುವುದು ಅತಿಥಿಯ ಮರ್ಯಾದೆ, ಮತ್ತೆ ಬಡಿಸುವುದು ಮನೆಯವರ ಮರ್ಯಾದೆ. ಜರ್ಮನ್ ಆತಿಥೇಯರು ಮೊದಲ 'ಬೇಡ'ವನ್ನೇ ನಂಬಿ ಪಾತ್ರೆಯನ್ನು ಮುಚ್ಚುವ ಸಂಭವ ಹೆಚ್ಚು. ಅತಿಥಿ ಹಸಿದೇ ಉಳಿಯುತ್ತಾನೆ. ವ್ಯಾಕರಣದಲ್ಲಿ ಎಲ್ಲಿಯೂ ತಪ್ಪಿಲ್ಲದ ಈ ಸಂಭಾಷಣೆ ಸಂವಹನವಾಗಿ ಸೋತಿದೆ. ಇದನ್ನು ಎರಡು ಬಾರಿ, ಪಾತ್ರಗಳನ್ನು ಅದಲುಬದಲು ಮಾಡಿ ಆಡಿಸಿದಾಗ ಎರಡೂ ಕಡೆಯ ತರ್ಕ ಕಲಿಯುವವರಿಗೆ ತಿಳಿಯುತ್ತದೆ. ಯಾವ ರೂಢಿಯೂ ಒರಟಲ್ಲ, ಅವು ಬೇರೆಯವು ಎಂಬ ಅರಿವು ಮೂಡುತ್ತದೆ.

೫. ತಾಳಮದ್ದಳೆಯಿಂದ ಒಂದು ಸೂಚನೆ

ಲಿಖಿತ ನಾಟಕ ಮತ್ತು ಪ್ರಕ್ರಿಯಾ ನಾಟಕಗಳ ನಡುವಣ ದೂರವನ್ನು ದಾಟುವುದು ಹೇಗೆಂಬ ಪ್ರಶ್ನೆಗೆ ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆ ಒಂದು ಮಾದರಿಯನ್ನು ತೋರಿಸುತ್ತದೆ. ವೇಷಭೂಷಣವಿಲ್ಲದೆ, ಕುಣಿತವಿಲ್ಲದೆ, ಕುಳಿತು ನಡೆಸುವ ಈ ಕಲೆಯಲ್ಲಿ ಭಾಗವತರು ಹಾಡುವ ಪದ್ಯ ನಿಶ್ಚಿತವಾದುದು; ಆ ಪದ್ಯಕ್ಕೆ ಅರ್ಥಧಾರಿ ಹೇಳುವ ಮಾತು ಆಶು. ಕಥೆಯ ನಡೆ ಎಲ್ಲರಿಗೂ ಗೊತ್ತು, ಆದರೆ ಎದುರು ಅರ್ಥಧಾರಿ ಮುಂದಿಡುವ ವಾದ ಗೊತ್ತಿಲ್ಲ. ಆದ್ದರಿಂದ ಕೇಳುತ್ತಲೇ ಉತ್ತರವನ್ನು ಕಟ್ಟಬೇಕು. ಎರಡನೆಯ ಭಾಗದಲ್ಲಿ ವಿವರಿಸಿದ ಸಾಮರ್ಥ್ಯ ಇದೇ.

ತರಗತಿಗೆ ಇದನ್ನು ಅಳವಡಿಸುವುದು ಸುಲಭ. ಕಲಿಯುವವರು ಈಗಾಗಲೇ ಬಾಯಿಪಾಠ ಮಾಡಿ ಅಭಿನಯಿಸಿದ ದೃಶ್ಯದ ಸಾರಾಂಶವನ್ನು ಅಧ್ಯಾಪಕರು ಎರಡು ವಾಕ್ಯಗಳಲ್ಲಿ ಓದಿ ಹೇಳುತ್ತಾರೆ. ಆ ಬಳಿಕ ಪಾತ್ರಧಾರಿಗಳು ಪಠ್ಯವನ್ನು ಬಿಟ್ಟು, ಅದೇ ಉದ್ದೇಶಗಳಿಂದ, ತಮ್ಮದೇ ಮಾತಿನಲ್ಲಿ ವಾದಿಸುತ್ತಾರೆ. ಬಾಯಿಪಾಠದ ನುಡಿಗಟ್ಟುಗಳು ಇಲ್ಲಿ ಬೇರೆ ಜೋಡಣೆಯಲ್ಲಿ ಮರಳಿ ಬರುತ್ತವೆ. ಸಹಜಭಾಷಿಕರ ನಿರರ್ಗಳತೆಯ ಬಹುಭಾಗ ಸಿದ್ಧ ನುಡಿಗಟ್ಟುಗಳ ಸಂಗ್ರಹವನ್ನು ಅವಲಂಬಿಸಿದೆಯೆಂದು ಪಾಲಿ ಮತ್ತು ಸೈಡರ್ ೧೯೮೩ರಲ್ಲಿ ವಾದಿಸಿದ್ದಾರೆ. ಕಂಠಪಾಠವು ಆ ಸಂಗ್ರಹವನ್ನು ತುಂಬುತ್ತದೆ, ಆಶುಭಾಷಣ ಅದನ್ನು ಬಳಕೆಗೆ ತರುತ್ತದೆ.

೬. ಆಕ್ಷೇಪಗಳು ಮತ್ತು ಮಿತಿಗಳು

ಅಭಿನಯ ಎಲ್ಲರ ಆತಂಕವನ್ನೂ ಕಡಿಮೆ ಮಾಡುತ್ತದೆ ಎನ್ನಲಾಗದು. ಹಾರ್ವಿಟ್ಜ್ ಮತ್ತು ಸಂಗಡಿಗರು ೧೯೮೬ರಲ್ಲಿ ರೂಪಿಸಿದ ೩೩ ಹೇಳಿಕೆಗಳ ಆತಂಕಮಾಪಕದ ಹಲವು ಹೇಳಿಕೆಗಳು ಇತರರ ಮುಂದೆ ಮಾತನಾಡುವ ಭಯಕ್ಕೇ ಸಂಬಂಧಿಸಿವೆ. ರಂಗದ ಮೇಲೆ ನಿಲ್ಲಿಸುವುದು ಆ ಭಯವನ್ನು ಹೆಚ್ಚಿಸಬಹುದು. ಪರಭಾಷೆಯ ಉಚ್ಚಾರಣೆಗೂ ವ್ಯಕ್ತಿಯ ಸ್ವಂತಿಕೆಯ ಭಾವಕ್ಕೂ ಇರುವ ನಂಟನ್ನು 'ಭಾಷಾ ಅಹಂ' ಎಂಬ ಪರಿಕಲ್ಪನೆಯ ಮೂಲಕ ವಿವರಿಸಿದ ಅಲೆಕ್ಸಾಂಡರ್ ಗಿಯೋರಾ, ಅಲ್ಪ ಪ್ರಮಾಣದ ಮದ್ಯ ಸೇವಿಸಿದವರ ಥಾಯ್ ಉಚ್ಚಾರಣೆ ಸುಧಾರಿಸಿತೆಂದು ೧೯೭೨ರಲ್ಲಿ ವರದಿ ಮಾಡಿದ್ದರು. ಪಾತ್ರವೂ ಅಹಂಕಾರದ ಆ ಗಡಿಯನ್ನು ಸಡಿಲಿಸಬಲ್ಲದು, ಏಕೆಂದರೆ ತಪ್ಪು ನನ್ನದಾಗದೆ ಪಾತ್ರದ್ದಾಗುತ್ತದೆ. ಆದರೆ ಅದು ನಡೆಯಬೇಕಾದರೆ ಪ್ರೇಕ್ಷಕರಿಲ್ಲದೆ, ಎಲ್ಲ ಜೋಡಿಗಳೂ ಏಕಕಾಲಕ್ಕೆ ಆಡುವ ಅಭ್ಯಾಸದಿಂದ ಆರಂಭಿಸಬೇಕು. ಪ್ರದರ್ಶನ ಐಚ್ಛಿಕವಾಗಿರಬೇಕು.

ನಿರರ್ಗಳತೆಯ ಭರದಲ್ಲಿ ವ್ಯಾಕರಣದ ತಪ್ಪುಗಳು ಬೇರೂರುವ ಅಪಾಯವೂ ಇದೆ. ವಾಕ್ಯದ ಕೊನೆಗೆ ಕ್ರಿಯಾಪದವನ್ನಿಟ್ಟು ರೂಢಿಯಾದ ಕನ್ನಡಿಗರು ಜರ್ಮನ್ ಪ್ರಧಾನ ವಾಕ್ಯದ ಎರಡನೆಯ ಸ್ಥಾನದಲ್ಲಿಯೇ ಕ್ರಿಯಾಪದವನ್ನು ನಿರ್ಧರಿಸಬೇಕಾಗುತ್ತದೆ. ಆತುರದಲ್ಲಿ ಇದು ತಪ್ಪುವುದು ಸುಲಭ. ನಡುವೆ ತಡೆದು ತಿದ್ದಿದರೆ ದೃಶ್ಯ ಸಾಯುತ್ತದೆ. ಆದ್ದರಿಂದ ತಿದ್ದುವಿಕೆ ಅಭಿನಯದ ಬಳಿಕದ ವಿಮರ್ಶೆಯ ಘಟ್ಟಕ್ಕೆ ಸೇರಬೇಕು, ಮತ್ತು ತಿದ್ದಿದ ವಾಕ್ಯವನ್ನು ಬಳಸಿ ದೃಶ್ಯವನ್ನು ಮತ್ತೊಮ್ಮೆ ಆಡಬೇಕು. ವಿಮರ್ಶೆಯಿಲ್ಲದ ಅಭಿನಯ ಮನರಂಜನೆಯಾಗಿ ಉಳಿಯುತ್ತದೆ.

ಪರಿಣಾಮದ ಅಳತೆಯ ಪ್ರಶ್ನೆ ಸಂಶೋಧಕರಿಗೆ ಸಂಬಂಧಿಸಿದ್ದು. ನಾಟಕದ ತರಗತಿಯನ್ನು ಸಾಮಾನ್ಯ ತರಗತಿಯೊಂದಿಗೆ ಹೋಲಿಸುವಾಗ ಅಧ್ಯಾಪಕರ ಉತ್ಸಾಹ, ಮಾತಿಗೆ ದೊರೆತ ಸಮಯ, ಗುಂಪಿನ ಸ್ನೇಹ ಇವೆಲ್ಲ ಬೆರೆತುಹೋಗುತ್ತವೆ. 'ಮಾತು ಸುಧಾರಿಸಿತೇ?' ಎಂಬ ಸ್ಥೂಲ ಪ್ರಶ್ನೆಗಿಂತ, ಸರದಿಗಳ ನಡುವಣ ಅಂತರ ಕಿರಿದಾಯಿತೇ, ವಿರಾಮಗಳು ಉಪವಾಕ್ಯದ ನಡುವಿನಿಂದ ಅದರ ಅಂಚಿಗೆ ಸರಿದವೇ, ಅವಧಾರಣೆಯ ಒತ್ತು ಸರಿಯಾದ ಪದದ ಮೇಲೆ ಬೀಳುತ್ತಿದೆಯೇ, ನಿಪಾತಗಳು ಆಶುಭಾಷಣದಲ್ಲಿ ಕಾಣಿಸಿಕೊಂಡವೇ ಎಂಬ ಸೂಕ್ಷ್ಮ ಪ್ರಶ್ನೆಗಳು ಹೆಚ್ಚು ಫಲಪ್ರದ. ಧ್ವನಿಮುದ್ರಣ ಮತ್ತು ಧ್ವನಿ ವಿಶ್ಲೇಷಣೆಯ ಉಚಿತ ತಂತ್ರಾಂಶಗಳಿರುವ ಇಂದು ಇವು ಒಬ್ಬ ಸಂಶೋಧನಾರ್ಥಿಯ ಕೈಗೆಟುಕುವ ಅಳತೆಗಳು.

೭. ಸಮಾರೋಪ

ಅಭಿನಯದ ಭಾಷಿಕ ಪ್ರಯೋಜನ ಅದು ಮಾತಿಗೆ ಮರಳಿ ಒದಗಿಸುವ ಮೂರು ಅಂಗಗಳಲ್ಲಿದೆ: ಕೇಳುವವರು, ಉದ್ದೇಶ ಮತ್ತು ಕಾಲ. ಪಠ್ಯಪುಸ್ತಕದ ವಾಕ್ಯಕ್ಕೆ ಈ ಮೂರೂ ಇರುವುದಿಲ್ಲ. ಆದ್ದರಿಂದ ಅದರಲ್ಲಿ ಒತ್ತು, ನಿಪಾತ, ಸಂಬೋಧನೆಗಳಿಗೆ ಕಾರಣವೂ ಇರುವುದಿಲ್ಲ. ಲಿಖಿತ ನಾಟಕ, ಸನ್ನಿವೇಶಾಭಿನಯ, ಪ್ರಕ್ರಿಯಾ ನಾಟಕಗಳನ್ನು ಮಾತಿನ ಉತ್ಪಾದನೆಯ ಹಂತಗಳಿಗೆ ಹೊಂದಿಸಿ ಅನುಕ್ರಮವಾಗಿ ಬಳಸಿದಾಗ, ಪ್ರತಿ ಅಭಿನಯವನ್ನೂ ವಿಮರ್ಶೆ ಹಿಂಬಾಲಿಸಿದಾಗ, ಮಾತೃಭಾಷೆಯ ಸೂಕ್ಷ್ಮಗಳನ್ನು ಆಧಾರವಾಗಿ ಬಳಸಿಕೊಂಡಾಗ ಈ ಕ್ರಮ ತನ್ನ ಪೂರ್ಣ ಫಲ ನೀಡಬಲ್ಲದೆಂದು ನಾವು ಭಾವಿಸುತ್ತೇವೆ. ಕನ್ನಡದ 'ಅಲ್ಲ', 'ಸ್ವಲ್ಪ', 'ಏ' ಪ್ರತ್ಯಯ ಮತ್ತು ಬಂಧುವಾಚಕ ಸಂಬೋಧನೆಗಳ ಪ್ರಯೋಗಾರ್ಥ ವಿವರಣೆ ಇನ್ನಷ್ಟು ವಿಸ್ತಾರವಾಗಿ ನಡೆದಷ್ಟೂ ಕನ್ನಡಿಗರಿಗೆ ಪರಭಾಷೆಯನ್ನು ಕಲಿಸುವ ಕೆಲಸ ಸುಗಮವಾಗುತ್ತದೆ.